ಪುಟ್ಟರಾಜು ಮೇಷ್ಟ್ರ ಕಾಗದದ ಇಟ್ಟಿಗೆ

ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಿದ್ದರೆ ಮನುಷ್ಯನಾದವನು ಕಾಲನ್ನು ಎಲ್ಲಿಡಬೇಕು? ಹೊಳೆನರಸೀಪುರದಿಂದ ಹರದನಹಳ್ಳಿಗೆ ಹೊರಟ ಬಸ್ಸಿನಲ್ಲಿ ಪುಟ್ಟರಾಜು ಮೇಷ್ಟ್ರು ತಾವೇ ತಂದಿದ್ದ ರದ್ದಿ ಪೇಪರಿನ ಮೂಟೆಯ ಮೇಲೆ ಎರಡೂ ಪಾದ ಊರಿ, ಹಾಯಾಗಿ ಕಣ್ಣು ಮುಚ್ಚಿದ್ದರು. ಟಿಕೆಟ್ ಕೊಡಲು ಬಂದ ಕಂಡಕ್ಟರ್ ದೇವರಾಜು ಅವರ ಹಳೆಯ ಶಿಷ್ಯ. ಇಡೀ ಬಸ್ಸಿಗೆ ಕೇಳುವಂತೆ ಕೂಗಿದ:

“ಸಾ! ಕಾಲು! ಸರಸ್ವತಿ ಸಾ!”

ಮೇಷ್ಟ್ರು ಬೆಚ್ಚಿಬಿದ್ದು ಕಾಲೆತ್ತಿದರು. ತುಳಿದ ಪಾಪಕ್ಕೆ ಮೂಟೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳೋಣವೆಂದು ಬಗ್ಗಿದರು. ಅದೇ ಹೊತ್ತಿಗೆ ಡ್ರೈವರ್ ಬ್ರೇಕ್ ಹಾಕಿದ್ದರಿಂದ ಭಕ್ತಿ ಕೊಂಚ ಹೆಚ್ಚಾಗಿ, ಮೂಟೆಗೆ ಸಾಷ್ಟಾಂಗ ನಮಸ್ಕಾರವೇ ಸಂದಿತು. ಪಕ್ಕದ ಸೀಟಿನ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ನೀವೇ ಯೋಳ್ಕೊಟ್ಟಿದ್ದಲ್ವಾ ಸಾ” ಎನ್ನುತ್ತ ದೇವರಾಜು ಕೈಕೊಟ್ಟು ಎಬ್ಬಿಸಿದ.

ಹೌದು, ಅವರೇ ಹೇಳಿಕೊಟ್ಟಿದ್ದು. ಮೂವತ್ತಮೂರು ವರ್ಷ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು ಏನೇನು ಕಲಿಸಿದರೋ, ಮಕ್ಕಳ ತಲೆಯಲ್ಲಿ ಗಟ್ಟಿಯಾಗಿ ನಿಂತದ್ದು ಒಂದೇ: ಕಾಗದ ತುಳಿಯಬಾರದು, ಅದರಲ್ಲಿ ಸರಸ್ವತಿ ಇರುತ್ತಾಳೆ. (ಹದಿಮೂರರ ಮಗ್ಗಿ ಯಾರಿಗೂ ನಿಲ್ಲಲಿಲ್ಲ. ಮೇಷ್ಟ್ರಿಗೂ.)

ಮೂಟೆಯ ಸಮಾಚಾರ ಹೀಗೆ. ರಿಟೈರಾದ ಮೇಲೆ ಮೇಷ್ಟ್ರಿಗೆ ಉಳಿದಿದ್ದ ಆಸೆ ಒಂದೇ: ಕೂತು ಓದಲು ತಮ್ಮದೇ ಒಂದು ಕೋಣೆ. ನಡುಮನೆಯಲ್ಲಿ ಟೀವಿ, ಜಗಲಿಯಲ್ಲಿ ಹೆಂಡತಿ ಅನಸೂಯಮ್ಮನವರ ಸ್ತ್ರೀಶಕ್ತಿ ಸಂಘ, ಇದ್ದೊಂದು ರೂಮಿನಲ್ಲಿ ರಾಗಿ ಮೂಟೆ. ಹಿತ್ತಲಲ್ಲಿ ಹತ್ತಡಿಗೆ ಎಂಟಡಿ ಜಾಗ ಖಾಲಿಯಿತ್ತು ನಿಜ, ಆದರೆ ಅದು ತಮ್ಮ ಕೋಳಿಗಳಿಗೆಂದು ಅನಸೂಯಮ್ಮ ಎಂದೋ ಸಾರಿಬಿಟ್ಟಿದ್ದರು. ಹೀಗಿರುವಾಗ ಮೇಷ್ಟ್ರು ಮೊಬೈಲಿನಲ್ಲಿ ಒಂದು ವಿಡಿಯೋ ಕಂಡರು. ಹಳೇ ಪೇಪರ್ ನೆನೆಹಾಕಿ, ಚೆನ್ನಾಗಿ ತುಳಿದು, ಸಿಮೆಂಟು ಮರಳು ಬೆರೆಸಿ ಅಚ್ಚಿಗೆ ತುಂಬಿದರೆ ಇಟ್ಟಿಗೆ! ಪೇಪರ್‌ಕ್ರೀಟ್ ಎಂದು ಅದರ ನಾಮಧೇಯ.

“ಪೇಪರ್ ಗೋಡೇನಾ? ಮಳೆ ಬಂದ್ರೆ ಮುದ್ದೆ ಆಯ್ತದೆ” ಎಂದರು ಅನಸೂಯಮ್ಮ.

“ಆಗಲ್ಲ ಕಣೇ. ಇದು ವಿಜ್ಞಾನ.”

“ಸರಿ. ಮುಂಗಾರಿಗೆ ಮುಂಚೆ ಗೋಡೆ ಎದ್ದು, ಒಂದು ಮಳೆಗೆ ನಿಂತ್ರೆ ಜಾಗ ನಿಮ್ದು. ಇಲ್ದಿದ್ರೆ ನನ್ ಕೋಳಿದು. ಆಮೇಲೆ ಗೊಣಗಂಗಿಲ್ಲ.”

(ಮದುವೆಯಾದ ಮೂವತ್ತು ಚಿಲ್ಲರೆ ವರ್ಷಗಳಲ್ಲಿ, ತಾವು ಗೆಲ್ಲಬಹುದೆಂದು ಮೇಷ್ಟ್ರಿಗೆ ಅನ್ನಿಸಿದ ಮೊದಲ ಪಂದ್ಯ.)

ಹಿತ್ತಲಲ್ಲಿ ಗುಂಡಿ ತೋಡಿ, ಟಾರ್ಪಾಲು ಹಾಸಿ, ಪೇಪರು, ಹಳೇ ನೋಟ್‌ಬುಕ್ಕು, ಊರವರ ಲಗ್ನಪತ್ರಿಕೆಗಳನ್ನೆಲ್ಲ ಸುರಿದು ನೀರು ಬಿಟ್ಟರು. ಮಾರನೆಯ ದಿನ ತುಳಿಯಲು ಗಾರೆ ಕೆಲಸದ ಭೀಮ ಬಂದ. ನಲವತ್ತು ದಾಟಿದ ಗಟ್ಟಿ ಆಳು. ಅವನೂ ಮೇಷ್ಟ್ರ ಶಿಷ್ಯನೇ. ಲುಂಗಿ ಎತ್ತಿಕಟ್ಟಿ ಗುಂಡಿಯ ಮೇಲೆ ಒಂದು ಕಾಲು ಚಾಚಿದವನು ಕೊಕ್ಕರೆಯ ಹಾಗೆ ನಿಂತೇಬಿಟ್ಟ.

“ಏನ್ಲಾ?”

“ಅಕ್ಸರ ಕಾಣ್ತಾವೆ ಸಾ.”

“ರದ್ದಿ ಕಣ್ಲಾ ಅದು. ಹೋದ ವರ್ಷದ್ದು. ತುಳಿ.”

“ಓದ್ ವರ್ಸದ ಸರಸ್ವತಿ ಬ್ಯಾರೇನಾ ಸಾ? ಮೂರ್ನೇ ಕ್ಲಾಸಲ್ಲಿ ಮಗ್ಗಿ ಪುಸ್ತಕ ತುಳುದ್ಬುಟ್ಟೆ ಅಂತ ನೂರು ಬಸ್ಕಿ ಒಡಿಸಿದ್ರಿ. ಚಳಿ ಬಂದ್ರೆ ಈಗ್ಲೂವೆ ಮಂಡಿ ನೋಯ್ತದೆ.”

“ಆವತ್ತು ಹೇಳಿದ್ದು ಪಾಠ ಕಣೋ. ಇವತ್ತು ಹೇಳ್ತಿರೋದು ವಿಜ್ಞಾನ.”

“ಅದೆಲ್ಲಾ ನಂಗೊತ್ತಿಲ್ಲ ಸಾ. ನೀವು ಕಲಿಸಿದ್ರಲ್ಲಿ ನಂಗ್ ಬಂದಿರೋದೇ ಇದೊಂದು. ಇದ್ನೂ ಬುಟ್ಬುಡು ಅಂದ್ರೆ ಎಂಗೆ?”

ಒನಕೆಯಲ್ಲಿ ಕುಟ್ಟೋಣವೆಂದರೆ, ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದ ಅನಸೂಯಮ್ಮ, “ಅರಿಶಿನ ಕುಂಕುಮ ಇಟ್ಟಿರೋ ಒನಕೆ. ಮುಟ್ಟಿ, ನೋಡ್ತೀನಿ” ಎಂದರು. ಕೊನೆಗೆ ಮೇಷ್ಟ್ರೇ ಪಂಚೆ ಎತ್ತಿಕಟ್ಟಿ ಗುಂಡಿಗಿಳಿದರು. ಆದರೆ ಹಳೆಯ ಅಭ್ಯಾಸ ಬಿಟ್ಟೀತೆ? ಬಲಗಾಲಿಟ್ಟರು, ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಎಡಗಾಲಿಟ್ಟರು, ಮತ್ತೆ ಬಗ್ಗಿದರು. ಒಂದು ಗಂಟೆಯ ಹೊತ್ತಿಗೆ ಪೇಪರು ಹಾಗೇ ಇತ್ತು, ಮೇಷ್ಟ್ರ ಸೊಂಟ ಹದವಾಗಿತ್ತು.

“ಏನ್ರೀ ಅದು, ಸೂರ್ಯನಮಸ್ಕಾರಾನಾ?” ಎಂದ ಅನಸೂಯಮ್ಮನವರಿಗೆ ಕೊನೆಗೆ ಕನಿಕರ ಬಂತು. “ಗಣಪತಿ ಹಬ್ಬದಲ್ಲಿ ಏನ್ ಮಾಡ್ತೀವಿ? ಆರತಿ ಎತ್ತಿ, ಕಳಿಸ್ಕೊಟ್ಟು, ನೀರಿಗೆ ಬಿಡಲ್ವಾ? ಆಮೇಲೆ ಅದು ಬರೀ ಮಣ್ಣು ತಾನೆ? ಹಂಗೇ ಈ ತಾಯೀನೂ ಕಳಿಸ್ಕೊಡಿ. ನೀರಲ್ಲಂತೂ ಆಗ್ಲೇ ಇದಾಳೆ.”

ಇಂಥ ಬುದ್ಧಿ ಎದುರಿಗೇ ಇದ್ದೂ ತಾವು ಇಷ್ಟು ವರ್ಷ ಊರ ಮಕ್ಕಳಿಗೆ ಪಾಠ ಹೇಳಿದೆವಲ್ಲ ಎಂದು ಮೇಷ್ಟ್ರಿಗೆ ನಾಚಿಕೆಯಾಯಿತು. ಅನಸೂಯಮ್ಮ ಗುಂಡಿಯ ಅಂಚಿಗೆ ಕುಂಕುಮವಿಟ್ಟು, ಎರಡು ಬಾಳೆಹಣ್ಣು ಇಟ್ಟು ಆರತಿ ಎತ್ತಿದರು. ಮೇಷ್ಟ್ರು ಗಂಟೆ ಬಾರಿಸಿದರು.

“ಹೋಗ್ಬುಟ್ಟು ಬಾರವ್ವ ತಾಯಿ” ಎಂದರು ಅನಸೂಯಮ್ಮ.

“ಓದ್ರಾ ಅಮ್ನೋರೆ?” ಎಂದ ಭೀಮ.

“ಹೋದ್ರು.”

“ಪೂರ್ತಿ?”

“ಪೂರ್ತಿ.”

ಭೀಮ ಧೊಪ್ಪನೆ ಗುಂಡಿಗೆ ಹಾರಿದ. ಸಂಜೆಯ ಹೊತ್ತಿಗೆ ಪೇಪರೆಲ್ಲ ಗಂಜಿಯಾಯಿತು. ಸಿಮೆಂಟು ಬೆರೆಸುವಾಗ ವಿಡಿಯೋ ಒಂದು ಲೆಕ್ಕ ಹೇಳಿದರೆ, ಅನಸೂಯಮ್ಮ ಒದ್ದೆ ಕೈಯಲ್ಲಿ ಒತ್ತಿ ನೋಡಿ, “ಇನ್ನೊಂದು ಬಾಂಡ್ಲಿ ಹಾಕೋ ಭೀಮ. ಮುದ್ದೆ ಹದ ಬರ್ಬೇಕು, ಕೈಗೆ ಅಂಟಬಾರ್ದು” ಎಂದರು. ವಿಡಿಯೋ ಸೋತಿತು. ಇಟ್ಟಿಗೆಗಳು ಮೂರು ವಾರ ಬಿಸಿಲು ಕುಡಿದು, ಭೀಮ ಒಂದೊಂದು ಕೈಯಲ್ಲಿ ಎರಡೆರಡು ಎತ್ತುವಷ್ಟು ಹಗುರಾದವು. ಕಲ್ಲಿನ ತಳಪಾಯದ ಮೇಲೆ ಗೋಡೆ ಎದ್ದಿತು, ಹೊರಗೆ ಗಾರೆ ಬಿತ್ತು, ಮೇಲೆ ಶೀಟು ಕೂತಿತು.

ಮಳೆ ಬಂತು. ಬಂತೆಂದರೆ ಅಂತಿಂಥ ಮಳೆಯಲ್ಲ, ಮಧ್ಯಾಹ್ನ ಶುರುವಾದದ್ದು ದೀಪ ಹಚ್ಚುವವರೆಗೂ ಸುರಿಯಿತು. ಮೇಷ್ಟ್ರು ಕೊಡೆ ಹಿಡಿದು ಹಿತ್ತಲಲ್ಲೇ ನಿಂತು, ಮಗುವಿಗೆ ಜ್ವರ ನೋಡುವಂತೆ ಗೋಡೆಯ ಮೈ ಮುಟ್ಟಿ ಮುಟ್ಟಿ ನೋಡಿದರು. ಗೋಡೆ ಮಿಸುಕಲಿಲ್ಲ. ನೆಗಡಿಯಾದದ್ದು ಮೇಷ್ಟ್ರಿಗೆ.

ಬೆಳಗಾಗುತ್ತಲೇ ಮೇಷ್ಟ್ರು ವಿಜಯೀ ವೀರನಂತೆ ತಲೆಯ ಮೇಲೆ ಕುರ್ಚಿ, ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ಹಿತ್ತಲಿಗೆ ಹೊರಟರು. ಕೋಣೆಯ ಬಾಗಿಲಲ್ಲಿ ಅನಸೂಯಮ್ಮ ನಿಂತಿದ್ದರು.

“ಎಲ್ಲಿಗೆ?”

“ನನ್ನ ಓದೋ ಕೋಣೆಗೆ. ಮಾತು ಮರೆತ್ಯಾ?”

“ಮರೀತೀನಾ? ಜಾಗ ನಿಮ್ದೇ. ಆದ್ರೆ ನೀವೇ ಗಂಟೆ ಹೊಡ್ದು ಸರಸ್ವತೀನ ಕಳಿಸ್ಕೊಟ್ಟಿರೋ ಗೋಡೆ ಇದು. ನಾಲ್ಕೂ ಕಡೆ ಅದೇ. ಇದರೊಳಗೆ ಕೂತು ಓದಿದ್ರೆ ತಲೆಗೆ ಹತ್ತುತ್ತಾ? ಇರೋದೂ ಹೋದೀತು.”

ಮೇಷ್ಟ್ರು ತಲೆಯ ಮೇಲಿನ ಕುರ್ಚಿಯನ್ನು ಕೆಳಗಿಳಿಸಿದರು.

“ಕೋಳಿಗಾದ್ರೆ ವಿದ್ಯೆ ಬೇಕಾಗಿಲ್ಲ” ಎಂದು ಅನಸೂಯಮ್ಮ ಬಾಗಿಲು ತೆರೆದರು. ಹನ್ನೊಂದು ಕೋಳಿಗಳು ಮೇಷ್ಟ್ರ ಕಾಲಸಂದಿಯಲ್ಲೇ ನುಗ್ಗಿ ಗೃಹಪ್ರವೇಶ ಮಾಡಿದವು.

ಉಳಿದ ಇಟ್ಟಿಗೆಗಳಲ್ಲಿ ಭೀಮ ನುಗ್ಗೆಮರದ ಕೆಳಗೊಂದು ಕಟ್ಟೆ ಕಟ್ಟಿಕೊಟ್ಟ. ಮೇಷ್ಟ್ರು ಈಗ ಅದರ ಮೇಲೆ ಕೂತು ಓದುತ್ತಾರೆ. ಟೀವಿ ಕೇಳುವುದಿಲ್ಲ, ಸಂಘ ಕೇಳುವುದಿಲ್ಲ, ಹೊತ್ತಿಗೊಂದು ಕಾಫಿ, ಜೊತೆಗೊಂದು ಬೇಯಿಸಿದ ಮೊಟ್ಟೆ ಬರುತ್ತದೆ. ಸುಖವಾಗಿದ್ದಾರೆ, ಒಪ್ಪಿಕೊಳ್ಳುವುದಿಲ್ಲ. ಮೊನ್ನೆ ಗೂಡಿಗೆ ಸುಣ್ಣ ಬಳಿಯಲು ಬಂದ ಭೀಮನ ಹತ್ತಿರ ಕೋಣೆಗಾಗಿ ಕೊನೆಯ ಅಪೀಲು ಹಾಕಿದರು.

“ಲೇ ಭೀಮ, ನೀನೇ ಯೋಚ್ನೆ ಮಾಡು. ಅವಳು ಹೋದ್ಲು ಅಂತ ನಿಮ್ಮಮ್ನೋರು ಹೇಳಿದ್ದು ಬಿಟ್ರೆ ಏನ್ಲಾ ಸಾಕ್ಷಿ? ಸರಸ್ವತಿ ಇನ್ನೂ ಈ ಇಟ್ಟಿಗೇಲೇ ಇರಬಹುದಲ್ವೇನ್ಲಾ?”

ಭೀಮ ಬ್ರಷ್ಷು ಇಳಿಸಿ ಮೇಷ್ಟ್ರನ್ನು ನೋಡಿದ. ಅವರು ಕೂತಿದ್ದ ಕಟ್ಟೆಯನ್ನು ನೋಡಿದ.

“ಅಂಗಾರೆ ಮ್ಯಾಕ್ಕೇಳಿ ಸಾ. ನೂರು ಬಸ್ಕಿ.”