ಅತ್ತೆಯವರಿಂದ ಕೈಗೊಡಲಿ ಪರೀಕ್ಷೆ ಮಾಡಿಸಿದ ಬಾಬ್ತು

ಇಂದ,
ಉಗ್ರಾಣದ ಗುಮಾಸ್ತೆ,
ಕಾಡುದಾರಿ ನಿರ್ವಹಣಾ ಕಚೇರಿ
(ನೆಲಮಹಡಿ, ಮೆಟ್ಟಿಲ ಕೆಳಗಿನ ಕೋಣೆ)

ಗೆ,
ಮಾನ್ಯ ಅಧೀಕ್ಷಕರು,
ಅದೇ ಕಚೇರಿ
(ಮೊದಲ ಮಹಡಿ, ಫ್ಯಾನ್ ತಿರುಗುವ ಕೋಣೆ)

ವಿಷಯ: ಕಚೇರಿಯ ಕೈಗೊಡಲಿಗಳನ್ನು ಮನೆಗೆ ಒಯ್ದ ಬಗ್ಗೆ ವಿವರಣೆ, ಹಾಗೂ ಒಂದು ದಿನದ ರಜೆಗಾಗಿ ಕೋರಿಕೆ.

ಉಲ್ಲೇಖ:
1. ತಮ್ಮ ಮೆಮೊ, ಮಂಗಳವಾರದ್ದು.
2. ಅದೇ ಮೆಮೊ, ಕಾಗುಣಿತ ತಿದ್ದಿ ಬುಧವಾರ ಮತ್ತೆ ಕಳಿಸಿದ್ದು.
3. ಮೆಟ್ಟಿಲ ಮೇಲೆ ನಿಂತು ತಾವು ಬಾಯಿಮಾತಿನಲ್ಲಿ ಹೇಳಿದ್ದು (ಬರವಣಿಗೆಯಲ್ಲಿ ತರುವಂಥದ್ದಲ್ಲ).

ಮಾನ್ಯರೇ,

ತಮ್ಮ ಮೆಮೊದಲ್ಲಿ ನನ್ನ ಮೇಲೆ ಮೂರು ಆರೋಪಗಳಿವೆ. ಕಚೇರಿಯ ಸ್ವತ್ತನ್ನು ಮನೆಗೆ ಒಯ್ದದ್ದು. ಅದನ್ನು "ಅನಧಿಕೃತ ಮುದುಕಿಯೊಬ್ಬರಿಂದ" ಪರೀಕ್ಷೆ ಮಾಡಿಸಿದ್ದು. ಆಯ್ಕೆ ಸಮಿತಿಯ ಅಧ್ಯಕ್ಷರಾದ ತಮ್ಮ ಜೀವಕ್ಕೆ ಅಪಾಯ ತಂದದ್ದು. ಮೊದಲ ಎರಡನ್ನು ಒಪ್ಪಿಕೊಂಡಿದ್ದೇನೆ. ಮೂರನೆಯದರ ಬಗ್ಗೆ ನಡೆದದ್ದನ್ನು ನಡೆದಂತೆ ಕೆಳಗೆ ಬರೆದಿದ್ದೇನೆ.

1. ನಮ್ಮ ಕಚೇರಿಯ ಒಂಬತ್ತು ಜನ ಕೆಲಸಗಾರರು ಕಾಡಿನ ಕಾಲುದಾರಿಗೆ ಬಿದ್ದ ಕೊಂಬೆಗಳನ್ನು ಕಡಿದು ತೆಗೆಯುತ್ತಾರೆ. ಒಬ್ಬೊಬ್ಬರ ಸೊಂಟಕ್ಕೂ ಒಂದು ಕೈಗೊಡಲಿ. ಅದನ್ನು ಆರಿಸುವ ಸಮಿತಿಯಲ್ಲಿ ತಾವು, ಲೆಕ್ಕಿಗರು ಮತ್ತು ನಾನು. ಕಳೆದ ಸಲ ಈ ಕೆಲಸ ಚಹಾ ಆರುವುದರೊಳಗೆ ಮುಗಿದಿತ್ತು. ಲೆಕ್ಕಿಗರು ಕೊಡಲಿಯ ಅಲಗಿನಲ್ಲಿ ಮುಖ ನೋಡಿಕೊಂಡು ಮೀಸೆ ತೀಡಿಕೊಂಡರು. ತಾವು "ಚೆನ್ನಾಗಿದೆ" ಎಂದಿರಿ. ನಾನು "ಗುಣಮಟ್ಟ ತೃಪ್ತಿಕರ" ಎಂದು ಬರೆದೆ.

ನಾಲ್ಕನೇ ತಿಂಗಳಿಗೆ ಆ ಕೊಡಲಿಯ ಬಾಯಿ ಮಡಚಿ, ಏಟು ಜಾರಿ, ಮೇಸ್ತ್ರಿಯವರ ಎಡಗಾಲಿಗೆ ಹನ್ನೊಂದು ಹೊಲಿಗೆ ಬಿತ್ತು. ಅವರು ಕುಂಟುತ್ತ ನನ್ನ ಕಿಟಕಿಗೆ ಬಂದು ಆಸ್ಪತ್ರೆಯ ಚೀಟಿ ಕೊಟ್ಟರು.

"ಅಮ್ಮಾ, ಅದನ್ನ ಒಂದ್ಸಲ ಹೊಡೆದು ನೋಡಿದ್ರಾ?"

"ನಮೂನೆಯಲ್ಲಿ ಅದಕ್ಕೆ ಜಾಗ ಇಲ್ಲ" ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಈ ಅರ್ಜಿಯೇ ಇರುತ್ತಿರಲಿಲ್ಲ.

2. ಕಳೆದ ಶುಕ್ರವಾರ ಹೊಸ ಖರೀದಿಗೆ ಮೂರು ಮಾದರಿಗಳು ಬಂದವು. ತಾವು "ಎರಡನೇದನ್ನ ಬರೆದುಬಿಡಿ, ಸೋಮವಾರ ಸುಮ್ನೆ ಒಂದು ಸಭೆ ಮಾಡೋಣ" ಎಂದಿರಿ. ಎರಡನೆಯದು ತಮ್ಮ ಷಡ್ಡಕರ ಅಂಗಡಿಯದು ಎಂಬುದು ನನಗೆ ತಿಳಿದಿರಲಿಲ್ಲ. ಪೆಟ್ಟಿಗೆಯಲ್ಲಿ ಕೊಡಲಿಯ ಜೊತೆಗೆ "ಭಾವನ ಕೈಲಿ ಅಕ್ಕನಿಗೆ" ಎಂದು ಚೀಟಿ ಅಂಟಿಸಿದ ಕೈಹೆಣಿಗೆಯ ಸ್ವೆಟರ್ ಬಂದ ಕಾರಣ ತಿಳಿಯಿತು. ಸ್ವೆಟರನ್ನು ತಮಗೆ ತಲುಪಿಸಲಾಗಿದೆ. ಕೊಡಲಿಗಳನ್ನು ನಾನು ಚೀಲದಲ್ಲಿ ಹಾಕಿಕೊಂಡು ಮನೆಗೆ ಹೋದೆ.

3. ಏಕೆಂದರೆ, ನನ್ನ ಅತ್ತೆಯವರು ಒಂದು ಬೇಕರಿಯ ಒಲೆಗೆ ಮೂವತ್ತೊಂದು ವರ್ಷ ಸೌದೆ ಸೀಳಿದವರು. ಬೇಕರಿಗೆ ಕರೆಂಟಿನ ಒಲೆ ಬಂತು, ಅವರು ಮನೆಗೆ ಬಂದರು. ಆಮೇಲೆ ನಾವು ಮೂರನೇ ಮಹಡಿಯ ಮನೆಗೆ ಸಾಮಾನು ಸಾಗಿಸಿದಾಗ, ಹಳೆ ಡಬ್ಬಗಳ ಜೊತೆ ಅವರ ಕೊಡಲಿಯನ್ನೂ ಗುಜರಿಯವನಿಗೆ ಹಾಕಿದವಳು ನಾನು. ಅಂದಿನಿಂದ ಎರಡು ವರ್ಷ ಅವರು ನನ್ನೊಡನೆ ಮಾತು ಬಿಟ್ಟಿದ್ದರು. ನನಗೆ ಹೇಳಬೇಕಾದ್ದನ್ನೆಲ್ಲ ಗೋಡೆಗೆ ಹೇಳುತ್ತಿದ್ದರು.

"ಗೋಡೆಯೇ, ಕಿಟಕಿ ಹಾಕೋಕೆ ಯಾರಿಗಾದ್ರೂ ಹೇಳು, ಚಳಿ ಆಗ್ತಿದೆ."

ಗೋಡೆ ಎದ್ದು ಹಾಕುವುದಿಲ್ಲವಾದ ಕಾರಣ ನಾನೇ ಹಾಕುತ್ತಿದ್ದೆ. ನನ್ನ ಯಜಮಾನರು ಈ ಅವಧಿಯಲ್ಲಿ ಗೋಡೆಯ ಪಕ್ಷ ವಹಿಸಿದ್ದರು, ಅಂದರೆ ಸುಮ್ಮನೆ ನಿಂತಿದ್ದರು.

ಶುಕ್ರವಾರ ಸಂಜೆ ಚೀಲವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟಾಗ ಖಣ್ ಎಂದಿತು. ಅತ್ತೆಯವರು ಕತ್ತೆತ್ತಿದರು.

"ಏನದು?"

ಕೇಳಿದ್ದು ಗೋಡೆಯನ್ನಲ್ಲ, ನನ್ನನ್ನು. ನಾನು ಚೀಲದ ಬಾಯಿ ಬಿಚ್ಚಿ ತೋರಿಸಿದೆ.

4. ಪರೀಕ್ಷೆಯ ವಿವರ. ಮಾದರಿ ಒಂದರ ಹಿಡಿಯ ತುದಿಯಲ್ಲಿ ದಿಕ್ಸೂಚಿ ಕೂರಿಸಿತ್ತು.

"ಇದಕ್ಯಾಕೆ ಗಡಿಯಾರ?" ಎಂದರು ಅತ್ತೆ.

"ಗಡಿಯಾರ ಅಲ್ಲ ಅತ್ತೆ, ದಿಕ್ಕು ತೋರಿಸತ್ತೆ. ಹಿಂದುಗಡೆ ಸೀಟೀನೂ ಇದೆ."

"ಸೀಟಿ ಊದಿದ್ರೆ ಕೊಂಬೆ ತಾನಾಗೇ ಬೀಳತ್ತಾ?" ಹಿಡಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಏನೋ ಗಲಗಲ ಎಂದಿತು. ಪಕ್ಕಕ್ಕಿಟ್ಟರು.

ಮಾದರಿ ಎರಡು, ಅಂದರೆ ಷಡ್ಡಕರದ್ದು, ಮರದ ಹಿಡಿಯ, ಅಂದರೆ ಕಾವಿನ, ತುಂಬ ಕೆಂಪು ಬಣ್ಣ. ಅತ್ತೆಯವರು ಅದನ್ನು ಒಂದು ಕಣ್ಣು ಮುಚ್ಚಿ ನೋಡಿದರು, ಮೂಸಿದರು, ಚಾಕುವಿನಿಂದ ಬಣ್ಣ ಕೆರೆದರು.

"ಬಣ್ಣ ಜಾಸ್ತಿ ಇದ್ದ ಕಡೆ ಕಸುಬು ಕಮ್ಮಿ. ನೋಡಿಲ್ಲಿ, ಮರದ ಎಳೆ ಉದ್ದಕ್ಕೆ ಹೋಗ್ಬೇಕು, ಇದು ಅಡ್ಡ ಹೋಗಿದೆ. ತಲೆಗೆ ಬೆಣೆ ಹೊಡೆದಿಲ್ಲ, ಅಂಟು ಹಾಕಿ ಕೂರಿಸಿದಾನೆ. ಮೂರು ಏಟು ತಡೆದ್ರೆ ಹೆಚ್ಚು."

ಮಾದರಿ ಮೂರು ನೋಡಲು ಚೆನ್ನಾಗಿರಲಿಲ್ಲ. ಕಪ್ಪು ತಲೆ, ಬಣ್ಣ ಕಾಣದ ಕಾವು, ಎಣ್ಣೆ ವಾಸನೆ. ಅತ್ತೆಯವರು ಅದರ ಕತ್ತನ್ನು ಒಂದೇ ಬೆರಳ ಮೇಲೆ ನಿಲ್ಲಿಸಿ ತೂಕ ನೋಡಿದರು. "ಮನೇಲಿ ಅರ ಇದೆಯಾ?" ಎಂದರು. ಇದ್ದದ್ದು ನಾನು ಉಗುರು ಉಜ್ಜಿಕೊಳ್ಳುವ ಅರ. ಅದನ್ನು ಅವರು ನೋಡಿದ ನೋಟವನ್ನು ಈ ಅರ್ಜಿಗೆ ಲಗತ್ತಿಸಲು ಬರುವುದಿಲ್ಲ. ಆದರೂ ಅದರಿಂದಲೇ ಕೊಡಲಿಯ ಬಾಯಿ ಉಜ್ಜಿದರು.

"ಅರ ಪೂರ್ತಿ ಜಾರಿದ್ರೆ ಉಕ್ಕು ಗಡುಸು, ಚೂರು ಹಾರತ್ತೆ. ಪೂರ್ತಿ ಕಚ್ಚಿದ್ರೆ ಮೆತ್ತಗೆ, ಬಾಯಿ ಮಡಚತ್ತೆ. ಜಾರ್ತಾ ಜಾರ್ತಾ ಒಂಚೂರು ಕಚ್ಬೇಕು. ಇದು ಕಚ್ತಿದೆ."

ಮಡಚುವ ಬಾಯಿ ಎಂದಾಗ ನನಗೆ ಮೇಸ್ತ್ರಿಯವರ ಕಾಲು ಕಣ್ಣ ಮುಂದೆ ಬಂತು. ಕೆಲಸ ಗೊತ್ತಿದ್ದವರಿಗೆ ಒಂದು ಉಗುರಿನ ಅರ ಸಾಕಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ನಮ್ಮ ಕಟ್ಟಡದ ಹಿಂದೆ ಬಿದ್ದಿದ್ದ ಕೊಂಬೆಯ ಮೇಲೆ ಮಾದರಿ ಮೂರನ್ನು ಪ್ರಯೋಗಿಸಲಾಯಿತು. ಅತ್ತೆಯವರಿಗೆ ಎಪ್ಪತ್ತೊಂದು. ಕೊಂಬೆಯ ತುಂಡೊಂದನ್ನು ನೆಟ್ಟಗೆ ನಿಲ್ಲಿಸಿ ಹೊಡೆದರು. ಅದು ತಕರಾರಿಲ್ಲದೆ ಎರಡಾಯಿತು. ಆಮೇಲೆ ನನ್ನ ಕೈಗೆ ಕೊಟ್ಟರು.

"ಕಾಲು ಅಗಲಿಸು. ಆಫೀಸಲ್ಲಿ ಸಾಹೇಬ್ರ ಮುಂದೆ ನಿಂತ ಹಾಗೆ ನಿಲ್ಬೇಡ."

ನಾಲ್ಕು ಏಟು ಹುಸಿ ಹೋದವು. ಐದನೆಯದಕ್ಕೆ ಕೊರಡು ಸೀಳಿತು. ಅತ್ತೆಯವರು ಸೀಳುಗಳನ್ನು ಒಟ್ಟಿ ಹಾಕುತ್ತ, ನನ್ನ ಕಡೆ ನೋಡದೆ, "ನನ್ನ ಕೊಡಲಿಗೆ ಮೂರು ಸಲ ನಾನೇ ಕಾವು ಬದಲಾಯಿಸಿದ್ದೆ" ಎಂದರು.

"ತಪ್ಪಾಯ್ತು ಅತ್ತೆ. ಗ್ಯಾಸ್ ಒಲೆ ಇದೆಯಲ್ಲ, ಇನ್ನೇನು ಬೇಕಾಗಲ್ಲ ಅಂದ್ಕೊಂಡೆ."

"ಬೇಕಾಗ್ತಿರ್ಲಿಲ್ಲ. ಕೇಳಿದ್ರೆ ನಾನೇ ತೆಗೆದು ಕೊಡ್ತಿದ್ದೆ. ನೀನು ಕೇಳ್ಲಿಲ್ಲ."

ನಾನು ಉಳಿದ ಸೀಳುಗಳನ್ನು ಆರಿಸಿ ಅವರ ಕೈಗೆ ಕೊಟ್ಟೆ.

5. ಆದ್ದರಿಂದ ಸೋಮವಾರ ನಾನು ಮಾದರಿ ಮೂರನ್ನು ಶಿಫಾರಸು ಮಾಡಿ, ಮಾದರಿ ಎರಡಕ್ಕೆ ಸಹಿ ಹಾಕುವುದಿಲ್ಲ ಎಂದೆ.

"ಯಾರ್ರೀ ಪರೀಕ್ಷೆ ಮಾಡಿದ್ದು?" ಎಂದಿರಿ ತಾವು.

"ನಮ್ಮ ಅತ್ತೆ, ಸಾರ್."

"ಅವರ ವಿದ್ಯಾರ್ಹತೆ?"

"ಮೂವತ್ತೊಂದು ವರ್ಷ, ಸಾರ್. ಹತ್ತೂ ಬೆರಳು ಇವೆ."

ತಾವು ಕುರ್ಚಿಯನ್ನು ಅಂಗಳಕ್ಕೆ ಹೊರಿಸಿ ಕುಳಿತು, ಎಲ್ಲರೆದುರು ಮಾದರಿ ಎರಡರಿಂದ ಕೊರಡು ಸೀಳಿ ತೋರಿಸುವಂತೆ ಮೇಸ್ತ್ರಿಗೆ ಹೇಳಿದಿರಿ. ಅವರು ಕೊಡಲಿಯನ್ನು ಕೈಗೆ ತೆಗೆದುಕೊಂಡು, ಬಣ್ಣ ಕೆರೆದ ಜಾಗ ನೋಡಿ, ವಾಪಸು ಇಟ್ಟರು.

"ನಾನು ಹೊಡೆಯಲ್ಲ ಸಾರ್. ಅಮ್ಮನವರ ಅತ್ತೆ ಹೇಳಿದ್ದು ಸರಿಯಾಗಿದೆ."

"ಕಚೇರಿ ನಡೆಸೋದು ನಾನೋ ಅವರ ಅತ್ತೇನೋ? ಕೊಡ್ರೀ ಇಲ್ಲಿ!"

ತಾವು ಕೋಟನ್ನು ಕುರ್ಚಿಯ ಬೆನ್ನಿಗೆ ತೂಗುಹಾಕಿ ಅಂಗಿಯ ತೋಳು ಮಡಚಿದಿರಿ. ಬೇಡ ಸಾರ್ ಎಂದು ನಾನು ಮೂರು ಸಲ ಹೇಳಿದ್ದಕ್ಕೆ ಲೆಕ್ಕಿಗರು ಸಾಕ್ಷಿ. ಮೊದಲ ಏಟು ನೆಲಕ್ಕೆ ಬಿತ್ತು. ಎರಡನೆಯದಕ್ಕೆ ಕೊಡಲಿ ಎತ್ತಿದಾಗ ಕಾವು ತಮ್ಮ ಕೈಯಲ್ಲೇ ಉಳಿಯಿತು. ಕೊಡಲಿಯ ತಲೆ ಹಿಂದಕ್ಕೆ ಹಾರಿ, ಲೆಕ್ಕಿಗರ ಕಿವಿಯ ಪಕ್ಕ ಹಾದು, ಕುರ್ಚಿಯ ಬೆನ್ನಿಗೆ ನಾಟಿತು. ಕೋಟಿನ ಎಡ ಎದೆಯ ಜೇಬಿನ ಮೂಲಕ. ಕೊಡಲಿಯ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆ ಮರಗಳಿಗೆ ಮಾತ್ರ ಸಂಬಂಧಿಸಿದ್ದು ಎಂದುಕೊಂಡಿದ್ದೆ, ಷಡ್ಡಕರಿಗೂ ಅನ್ವಯಿಸುತ್ತದೆ.

ಆ ಕ್ಷಣ ಯಾರೂ ನಗಲಿಲ್ಲ. ತಮಗೆ ನೀರು ತಂದುಕೊಟ್ಟವಳು ನಾನೇ. ಆಮೇಲೆ ನಕ್ಕವರ ಪಟ್ಟಿಯನ್ನು ತಾವು ಕೇಳಿದ್ದೀರಿ. ಎಲ್ಲರ ಹೆಸರೂ ಬರುವುದರಿಂದ ಪ್ರತ್ಯೇಕ ಪಟ್ಟಿ ಮಾಡಿಲ್ಲ.

ಕಾರಣ, ಮೂರನೇ ಆರೋಪವನ್ನು ನಾನು ಒಪ್ಪುವುದಿಲ್ಲ. ತಮ್ಮ ಜೀವ ಉಳಿದದ್ದು ತಾವು ಕುರ್ಚಿ ಬಿಟ್ಟು ಎದ್ದ ಕಾರಣ. ಸೇವೆಗೆ ಸೇರಿದಾಗಿನಿಂದ ತಾವು ಕುರ್ಚಿ ಬಿಟ್ಟು ಎದ್ದು ಕೆಲಸ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು, ಮತ್ತು ಅದರಿಂದ ಒಳ್ಳೆಯದೇ ಆಯಿತು.

6. ಅದೇ ಸಂಜೆ ಲೆಕ್ಕಿಗರು ಕಿವಿ ಮುಟ್ಟಿ ನೋಡಿಕೊಳ್ಳುತ್ತಲೇ ಮಾದರಿ ಮೂರಕ್ಕೆ ಸಹಿ ಹಾಕಿದರು. ಇಬ್ಬರ ಮೇಲೆ ಒಬ್ಬರ ಮಾತು ನಡೆಯದ ಕಾರಣ ಒಂಬತ್ತು ಕೈಗೊಡಲಿಗಳಿಗೆ ಆದೇಶ ಹೋಗಿದೆ. ಇದನ್ನು ಕೇಳಿ ಅತ್ತೆಯವರು, "ನನಗೂ ಒಂದು ಬೇಕು, ಆಫೀಸಿಂದು ಬೇಡ, ಅಂಗಡಿ ಬೀದಿಗೆ ಹೋಗಿ ನಾನೇ ಆರಿಸ್ತೀನಿ" ಎಂದಿದ್ದಾರೆ.

ಆದ್ದರಿಂದ ಬರುವ ಗುರುವಾರ ನನಗೆ ಒಂದು ದಿನದ ರಜೆ ಬೇಕು. ಆರಿಸುವವರು ಅವರು, ನನ್ನ ಕೆಲಸ ಚೀಲ ಹಿಡಿಯುವುದು. ಅದಕ್ಕೆ ಪೂರ್ತಿ ದಿನ ಏಕೆ ಎಂದು ತಾವು ಕೇಳಬಹುದು. ಅವರು ಪ್ರತಿ ಅಂಗಡಿಯಲ್ಲೂ ಪ್ರತಿ ಕೊಡಲಿಯನ್ನೂ ನೋಡುತ್ತಾರೆ, ಮತ್ತು ನೋಡುವಾಗ ನನ್ನ ಜೊತೆ ಮಾತಾಡುತ್ತಾರೆ.

ಇನ್ನು ಮುಂದೆ ನೋಡದೆ ಸಹಿ ಹಾಕದ,
ತಮ್ಮ ವಿಶ್ವಾಸಿ,
(ಸಹಿ)
ಉಗ್ರಾಣದ ಗುಮಾಸ್ತೆ

ಲಗತ್ತುಗಳು:
1. ಹನ್ನೊಂದು ಹೊಲಿಗೆಯ ಆಸ್ಪತ್ರೆ ಚೀಟಿಯ ನಕಲು.
2. ಮಾದರಿ ಎರಡರಿಂದ ಕೆರೆದ ಕೆಂಪು ಬಣ್ಣ, ಒಂದು ಪೊಟ್ಟಣ.
3. ಉಗುರಿನ ಅರ (ಈಗ ಯಾವ ಉಗುರಿಗೂ ಬಾರದು).

ವಿ.ಸೂ.: ಕೊಡಲಿ ಎತ್ತಿದಾಗ ತಾವು ಹೇಗೆ ನಿಂತಿದ್ದಿರಿ ಎಂದು ಅತ್ತೆಯವರು ಕೇಳಿದರು. ನಿಂತು ತೋರಿಸಿದೆ. "ಪಾಪ, ಕಾಲೇ ತಪ್ಪಿಟ್ಟಿದಾರೆ, ಯಾರೂ ಹೇಳಿಕೊಟ್ಟಿಲ್ಲ ಅನ್ಸತ್ತೆ. ಒಂದಿನ ಕಳಿಸು" ಎಂದರು. ಕಾರಣ, ತಾವು ಭಾನುವಾರ ಬೆಳಿಗ್ಗೆ ಏಳಕ್ಕೆ ನಮ್ಮ ಕಟ್ಟಡದ ಹಿಂದೆ ಹಾಜರಾಗಬೇಕಾಗಿ ಕೋರಿಕೆ. ಕೋಟು ಬೇಡ.