ಬದನೆಕಾಯಿಗೆ ಮನೆ ನೋಡಿದ ಅತ್ತೆ

ಹೋದ ವರ್ಷ ದೀಪಾವಳಿ ಮುಗಿದ ಮೊದಲ ಸೋಮವಾರ, ಬೀದರಿನ ನೌಬಾದದಲ್ಲಿರುವ ಒಂದು ದೊಡ್ಡ ಕಿರಾಣಿ ಮಳಿಗೆಗೆ ನಮ್ಮ ಸೋದರತ್ತೆ ಸಾಯಗಾಂವದ ಬದನೆಕಾಯಿಯನ್ನು ಕೊಟ್ಟು ಸಂಬಂಧ ಬೆಳೆಸಿದಳು. 'ಮಾರಿಸಿದಳು' ಎಂದು ಬರೆಯಬೇಕಿತ್ತು. ಬರೆದೂ ಇದ್ದೆ. ಆಕೆಯೇ ಹೊಡೆದು ಹಾಕಿಸಿದಳು.

"ಮಾರ್ಲಿಕ್ಕ ಅದೇನು ರದ್ದಿ ಪೇಪರ್ ಏನೋ? ಕೊಟ್ಟೇವಿ ಅಂತ ಬರಿ. ಕೊಟ್ಟ ಮ್ಯಾಲ ಹೋಗೋದು ಬರೋದು ಇರ್ತದ."

ನನ್ನಂತೆ ಪತ್ರಿಕೆಯಲ್ಲಿ ಕೆಲಸ ಮಾಡುವವನಿಗೆ ಎರಡೂ ಕಡೆಯ ಹೇಳಿಕೆ ಬೇಕು. ಮಳಿಗೆಯ ಮಾಲೀಕರದು ಸಿಕ್ಕಿತು: "ಏನಾಯ್ತಂತ ನನಗ ಇನ್ನೂ ಸಮಜ್ ಆಗಿಲ್ರಿ." ಬದನೆಕಾಯಿ ಪ್ರತಿಕ್ರಿಯೆಗೆ ಲಭ್ಯವಾಗಲಿಲ್ಲ.

ಅತ್ತೆಯ ತಲೆ ಸರಿಯಾಗಿದೆ. ಇದನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ, ಮುಂದೆ ಓದುತ್ತ ಹೋದಂತೆ ನಿಮಗೆ ಸಂಶಯ ಬರುವ ಸಂಭವವಿದೆ. ಆಕೆ ಇರುವುದು ಭಾಲ್ಕಿಯಲ್ಲಿ. ಬದನೆಕಾಯಿಗೆ ಬರುವ ಮುಂಚೆ ಆಕೆ ಮನುಷ್ಯರ ಸಂಬಂಧ ಕೂಡಿಸುತ್ತಿದ್ದಳು. ಭಾಲ್ಕಿಯಿಂದ ಔರಾದವರೆಗೆ ಹೆಣ್ಣು ಎಲ್ಲಿದೆ, ಗಂಡು ಎಲ್ಲಿದೆ ಎಂಬುದು ಆಕೆಗೆ ಬಾಯಿಪಾಠ. ಇಂಥವರು ಊರಿಗೊಬ್ಬರು ಇರುತ್ತಾರೆ, ಅದರಲ್ಲೇನು ಹೆಚ್ಚುಗಾರಿಕೆ ಎನ್ನುತ್ತೀರಾ? ಹೆಚ್ಚುಗಾರಿಕೆ ಪದ್ಧತಿಯಲ್ಲಿತ್ತು. ಉಳಿದವರು ಹುಡುಗಿಯ ಗುಣ ಹೇಳಿ, ಐಬು ಇದ್ದರೆ ನುಂಗಿಕೊಳ್ಳುತ್ತಾರೆ. ಅತ್ತೆ ಚಪ್ಪಲಿ ಬಿಡುವಾಗಲೇ ಐಬು ಹೇಳುತ್ತಿದ್ದಳು. ಗುಣಗಳು ಚಹಾ ಬಂದ ಮೇಲೆ.

ಔರಾದದ ಒಂದು ಮನೆಯಲ್ಲಿ ಹೀಗೇ ಆಯಿತು. ಅತ್ತೆ ಕುಳಿತವಳೇ, "ಹುಡುಗಿಗಿ ಸಿಟ್ಟು ಭಾಳ ಅದ. ಸಿಟ್ಟು ಬಂತಂದ್ರ ಎರಡು ದಿವಸ ಮಾತಾಡಂಗಿಲ್ಲ," ಎಂದಳು. ಗಂಡಿನ ತಂದೆ ಒಳಗಿದ್ದ ತಮ್ಮ ಹೆಂಡತಿಯ ಕಡೆ ಒಮ್ಮೆ ನೋಡಿ, "ಎರಡೇ ದಿವಸ ಏನ್ರಿ?" ಎಂದು ಕೇಳಿ, ಅಲ್ಲಿಯೇ ಮಾತು ಪಕ್ಕಾ ಮಾಡಿದರು.

ಈ ಪದ್ಧತಿಯಿಂದ ಮುರಿದುಬಿದ್ದ ಮಾತುಕತೆಗಳೇ ಹೆಚ್ಚು. ಆದರೆ ಕೂಡಿದ್ದು ಕೂಡಿತು. ಅತ್ತೆ ಮಾಡಿಸಿದ ಮದುವೆ ಎಂದರೆ ಸುತ್ತಲಿನ ಹಳ್ಳಿಗಳಲ್ಲಿ ಇವತ್ತಿಗೂ ಒಂದು ನಂಬಿಕೆ.

ಹಾಗೆ ಆಕೆ ಕೂಡಿಸಿದ ಜೋಡಿಗಳಲ್ಲಿ ಒಂದು ಸಾಯಗಾಂವದ ಕಸ್ತೂರಬಾಯಿ ಮತ್ತು ಮಾರುತಿ. ಇವರಿಗಿರುವುದು ಒಂದು ಸಣ್ಣ ತುಂಡು ಹೊಲ. ಅದರಲ್ಲಿ ಗಂಡ ಹೆಂಡತಿ ಸೇರಿ ಬದನೆ ಬೆಳೆಯುತ್ತಾರೆ. ಒಂದು ದಿನ ಅತ್ತೆ ಮೆಣಸಿನಕಾಯಿ ಕೊಳ್ಳಲು ಸಂತೆಗೆ ಹೋದಾಗ ಇವರಿಬ್ಬರೂ ತಮ್ಮ ಮಾಲಿನ ಹಿಂದೆ ಸುಮ್ಮನೆ ನಿಂತಿದ್ದರು. ಮುಂದೆ ದಲ್ಲಾಳಿಯೂ ಕೊಳ್ಳುವವನೂ ಒಂದು ಟವಲಿನ ಕೆಳಗೆ ಕೈ ಹಾಕಿ, ಬೆರಳು ಹಿಡಿದು ದರ ಮಾತಾಡುತ್ತಿದ್ದರು. ಯಾರ ಬೆರಳು ಏನು ಹೇಳಿತು ಎಂದು ಬೆಳೆದವರಿಗೆ ತಿಳಿಯುವ ಹಾಗಿರಲಿಲ್ಲ. ಅತ್ತೆ ಸೀದಾ ಹೋಗಿ ಆ ಟವಲನ್ನು ಎತ್ತಿಬಿಟ್ಟಳು.

"ಏ ಬಾಯಿ, ಏನು ಮಾಡ್ಲಕತ್ತೀರಿ?" ಎಂದ ದಲ್ಲಾಳಿ.

"ಹೆಣ್ಣಿನ ಕಡಿಯವರು ಇಲ್ಲಿ ನಿಂತಾರ. ನೀವಿಬ್ಬರೂ ಕೌದಿಯೊಳಗ ಕೈ ಹಾಕಿ ಎಂಥಾ ಮಾತುಕತಿ ಮಾಡ್ತೀರಿ?"

ಸಂತೆ ನಕ್ಕಿತು. ಅತ್ತೆ ನಗಲಿಲ್ಲ. ಮೆಣಸಿನಕಾಯಿ ಮರೆತು ಮನೆಗೆ ಬಂದವಳು ನನಗೆ ಫೋನ್ ಮಾಡಿದಳು. "ಬೀದರದಾಗ ಚಲೋ ಮನೆತನದ್ದು ಒಂದು ದುಕಾನ್ ನೋಡು."

ನೌಬಾದದ ಮಳಿಗೆ ಗೊತ್ತಿತ್ತು. ಮೂರು ತಲೆಮಾರಿನಿಂದ ವ್ಯಾಪಾರದಲ್ಲಿರುವ ಕುಟುಂಬ. ಈಗಿನ ಮಾಲೀಕರು ಚಿಕ್ಕ ವಯಸ್ಸಿನವರು, ಓದಿದವರು, ಅಂಗಡಿಗೆ ಗಾಜಿನ ಬಾಗಿಲು ಹಾಕಿಸಿದವರು. ರೈತರಿಂದ ನೇರವಾಗಿ ತರಕಾರಿ ಕೊಂಡರೆ ತಾಜಾ ಸಿಗುತ್ತದೆ ಎಂಬ ಆಸೆ ಅವರಿಗೂ ಇತ್ತು. ಬಂದು ಮಾತಾಡಿ ಎಂದರು. ಒಬ್ಬರೋ ಇಬ್ಬರೋ ಬರುತ್ತಾರೆಂದು ಅವರ ಅಂದಾಜು. ಬಂದದ್ದು ಒಂದು ಜೀಪು ತುಂಬ ಜನ! ತೆಂಗಿನಕಾಯಿ, ಹಣ್ಣು, ಎಲೆ ಅಡಿಕೆ, ಒಂದು ಸ್ಟೀಲಿನ ಡಬ್ಬಿ. ಜೀಪು ನಡೆಸುತ್ತಿದ್ದವನು ನಾನು.

ಅತ್ತೆ ಮೊದಲು ಮನೆ ನೋಡಿದಳು. ಅಂದರೆ ಅಂಗಡಿ. ತರಕಾರಿ ಇಡುವ ಕಟ್ಟೆಯ ಮೇಲೆ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಎಂದು ಕೇಳಿದಳು. ತಂಪು ಕೋಣೆಯ ಬಾಗಿಲು ತೆಗೆಸಿ ಒಳಗೆ ಹೋಗಿ ನಿಂತು, ಸೆರಗು ಹೊದ್ದುಕೊಂಡು ಹೊರಗೆ ಬಂದು, "ಥಂಡಿ ಜರಾ ಜಾಸ್ತಿ ಆಯ್ತು. ಬದನಿಗಿ ಇಷ್ಟು ಬ್ಯಾಡ, ಮಾರಿ ಕಪ್ಪಾಗ್ತದ," ಎಂದಳು. ಅಲ್ಲಿದ್ದ ಒಂದು ಬಾಡಿದ ಹೂಕೋಸನ್ನು ಎತ್ತಿ ಹಿಂದೆ ಮುಂದೆ ನೋಡಿದಳು. "ಇದು ಯಾವಾಗ ಬಂದದ್ರಿ?"

"ಮೊನ್ನಿರಿ."

"ಮೊನ್ನಿ ಬಂದಿದ್ದು ಹಿಂಗ ಆಗ್ಯಾದ?"

ಮಾಲೀಕರು ಟೈ ಕಟ್ಟಿರಲಿಲ್ಲ. ಆದರೂ ಕೊರಳ ಹತ್ತಿರ ಏನೋ ಸಡಿಲ ಮಾಡಿಕೊಂಡರು. ಅತ್ತೆ ಮುಂದಿನ ಪ್ರಶ್ನೆಗೆ ಹೋದಳು.

"ನೀವು ಕುಡೀತೀರೇನ್ರಿ?"

"ಆಯಿ, ನೀವು ಕೊಡ್ಲಿಕ್ಕ ಬಂದಿದ್ದು ಬದನಿಕಾಯಿ ಅಲ್ಲೇನ್ರಿ?"

"ಅದಕ್ಕೇ ಕೇಳ್ತೇನಿ. ಕುಡಿಯೋರು ಮುಂಜಾನಿ ತಡಾ ಮಾಡಿ ಏಳ್ತಾರ. ನಮ್ಮ ಮಾಲ್ ಮೊದಲ ಬಸ್ಸಿಗಿ ಬರ್ತದ. ಬಾಗಲ ಯಾರು ತೆಗೀಬೇಕು?"

ಪ್ರಶ್ನೆ ನ್ಯಾಯವಾಗಿಯೇ ಇತ್ತು. ಮಾಲೀಕರು ಕುಡಿಯುವುದಿಲ್ಲ ಎಂದು ಹೇಳಿದರು. ಜೀಪಿನಲ್ಲಿ ಜೊತೆಗೆ ಬಂದಿದ್ದ ಕಸ್ತೂರಬಾಯಿ ತಲೆ ತಗ್ಗಿಸಿ ನಗು ತಡೆದುಕೊಂಡಳು.

ಆಮೇಲೆ ಪದ್ಧತಿಯಂತೆ ಐಬು. "ನಮ್ಮ ಬದನಿ ನೋಡ್ಲಿಕ್ಕ ಅಷ್ಟೇನು ಚಂದ ಇಲ್ಲ. ಒಂದು ದೊಡ್ಡದು, ಒಂದು ಸಣ್ಣದು. ತೊಟ್ಟಿಗಿ ಮುಳ್ಳು ಅದ, ಚುಚ್ಚತದ. ಔಷಧ ಕಡಿಮಿ ಹೊಡೀತಾರ, ಹಂಗಾಗಿ ಆಗೊಂದು ಈಗೊಂದು ಹುಳ ಸಿಗ್ತದ."

ಮಾಲೀಕರು ನನ್ನ ಮುಖ ನೋಡಿದರು. ನಾನು ಬಾಗಿಲಿನ ಗಾಜು ನೋಡಿದೆ.

"ಮತ್ತ ನಾ ಯಾಕ ತಗೋಬೇಕ್ರಿ ಆಯಿ?"

ಅತ್ತೆ ಡಬ್ಬಿ ತೆಗೆದಳು. ಒಳಗೆ ಶೇಂಗಾಪುಡಿ ಹಾಕಿ ಮಾಡಿದ ಎಣ್ಣೆಗಾಯಿ ಮತ್ತು ಜೋಳದ ರೊಟ್ಟಿ. ಗಾಜಿನ ಬಾಗಿಲಿನ ಹಿಂದೆ, ಬಿಲ್ಲಿನ ಯಂತ್ರದ ಪಕ್ಕದಲ್ಲಿ ಮಾಲೀಕರು ನಿಂತುಕೊಂಡೇ ಒಂದು ರೊಟ್ಟಿ ಮುಗಿಸಿದರು. ಎರಡನೆಯದಕ್ಕೆ ಕುರ್ಚಿ ತರಿಸಿದರು. ದರವನ್ನು ಎಲ್ಲರೆದುರಿಗೆ, ಜೋರಾಗಿ, ಕೈಗಳು ಕಾಣುವಂತೆ ಮಾತಾಡಿದ್ದಾಯಿತು. ತೂಕ ಸಾಯಗಾಂವದಲ್ಲಿ ಒಮ್ಮೆ, ನೌಬಾದದಲ್ಲಿ ಒಮ್ಮೆ. ಅತ್ತೆ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ಆ ಮಳಿಗೆಯದೇ ಸಕ್ಕರೆ. ಆ ಕ್ಷಣದಿಂದ ಮಾಲೀಕರು ಆಕೆಗೆ 'ಬೀಗರು'.

ಬದನೆಕಾಯಿಯ ಹಿಂದೆಯೇ ಬಗದಲದ ಪುಂಡಿಪಲ್ಯ, ಮೆಂತ್ಯ, ಔರಾದದ ತೊಗರಿಬೇಳೆ ಎಲ್ಲ ಅದೇ ಮನೆ ಸೇರಿದವು. ಗೋಡೆಗುಂಟ ಒಂದು ಸಾಲನ್ನು ಮಾಲೀಕರು ಇವರಿಗೆಂದೇ ಬಿಟ್ಟುಕೊಟ್ಟರು. ಪ್ರತಿ ಕ್ರೇಟಿಗೂ ಊರಿನ ಹೆಸರು.

ಕೊಟ್ಟ ಮೇಲೆ ಹೋಗೋದು ಬರೋದು ಇರುತ್ತದೆ ಎಂದು ಅತ್ತೆ ಅವರಿಗೂ ಹೇಳಿದ್ದಳು; ಅದು ಬರೀ ಮಾತಿಗೆ ಎಂದು ಮಾಲೀಕರು ತಿಳಿದಿದ್ದರು. ಮುಂದಿನ ವಾರವೇ ತವರುಮನೆಯವರು ಬಂದರು! ವಾರಕ್ಕೊಬ್ಬ ರೈತ ಅಂಗಡಿಗೆ ಬಂದು, ತನ್ನ ಮಾಲಿನ ಪಕ್ಕ ಅರ್ಧ ದಿನ ನಿಂತು, ಅದು ಹೇಗಿದೆ ಎಂದು ನೋಡಿಕೊಂಡು ಹೋಗಬೇಕೆಂಬುದು ಅತ್ತೆಯ ಕರಾರು. ಔರಾದದ ತೊಗರಿಯ ಕಾಕಾ ತನ್ನ ಸರದಿಯ ದಿನ ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದ. ಕೊಳ್ಳಲು ಬಂದ ಒಬ್ಬ ಹೆಣ್ಣುಮಗಳು ಬೇಳೆಯ ಚೀಲದೊಳಗೆ ಕೈಯಾಡಿಸಿ, ಮೂಗು ಮುರಿದು, "ಪಾಲಿಶ್ ಇಲ್ಲ ಇದಕ್ಕ," ಎಂದಳು.

ಕಾಕಾ ಕೈ ಮುಗಿದ. "ನನಗೂ ಇಲ್ರೀ ತಾಯಿ. ಬೇಯಿಸಿ ನೋಡ್ರಿ."

ಆಕೆ ಬೇಯಿಸಿ ನೋಡಿದಳೆಂದು ಕಾಣುತ್ತದೆ. ಮುಂದಿನ ವಾರ ನೆರೆಮನೆಯವರನ್ನೂ ಕರೆದುಕೊಂಡು ಬಂದು, "ಆ ಬ್ಯಾಳಿ ಅಜ್ಜಾರು ಎಲ್ಲ್ಯಾರ?" ಎಂದು ಕೇಳಿದಳು. ಪುಂಡಿಪಲ್ಯವನ್ನು ಹುಳಿ ಏರದಂತೆ ಹೇಗೆ ಮಾಡಬೇಕು ಎಂದು ಕೇಳಲು ಜನ ಬಗದಲದವರ ಸರದಿ ಕಾಯತೊಡಗಿದರು. ಮಾಲೀಕರು ಮೊದಲು ಈ ಕರಾರನ್ನು ಕಿರಿಕಿರಿ ಎಂದಿದ್ದರು. ಆಮೇಲೆ ತವರಿನವರಿಗೆಂದು ಎರಡು ಸ್ಟೂಲು ಹಾಕಿಸಿದರು.

ಈ ವರ್ಷ ಶ್ರಾವಣದಲ್ಲಿ ಮಳೆ ಬಿಡದೆ ಹಿಡಿಯಿತು. ಅದೇ ದಿನಗಳಲ್ಲಿ ಒಂದು ಬೆಳಿಗ್ಗೆ ಮಾಲೀಕರು ಸಾಯಗಾಂವದ ಕ್ರೇಟು ತೆಗೆದು ನೋಡಿದರೆ, ಮೇಲಿನ ಸಾಲು ಹೊಳೆಯುವ ಬದನೆ, ಕೆಳಗೆಲ್ಲ ಹುಳುಕು. ಹುಳುಕಿಗಿಂತ ಅದನ್ನು ಮುಚ್ಚಿ ಕಳಿಸಿದ್ದು ಅವರನ್ನು ಕೆರಳಿಸಿತು. ಅವರ ಫೋನ್ ಹೋದದ್ದೇ ಅತ್ತೆ ಭಾಲ್ಕಿಯಿಂದ ಸಿಕ್ಕ ಬಸ್ಸು ಹಿಡಿದು ಬಂದಳು. ನನ್ನನ್ನೂ ಕರೆಸಿದಳು.

"ನೀವು ಐಬು ಹೇಳಿ ಕೊಡೋರಂತ ನಾ ಇಡೀ ಸಾಲು ಬಿಟ್ಟುಕೊಟ್ಟೇನಿ," ಎಂದರು ಮಾಲೀಕರು. ದನಿ ಏರಿರಲಿಲ್ಲ. "ಮುಂದಿನ ಕ್ರೇಟ್ ನೋಡ್ತೇನಿ ಆಯಿ. ಅದೂ ಹಿಂಗೇ ಇತ್ತಂದ್ರ ಬಗದಲ್, ಔರಾದ್, ಎಲ್ಲಾರದೂ ಬಂದ್."

"ಬರೋಬರ್ ಅದ ಬೀಗರೇ. ತಪ್ಪು ನಮ್ಮ ಕಡಿಯದು."

ಅಷ್ಟು ಹೇಳಿ ಅತ್ತೆ ಕ್ರೇಟನ್ನು ಅಂಗಡಿಯ ಮೆಟ್ಟಿಲಿಗೆ ಹೊರಿಸಿಕೊಂಡು ಹೋಗಿ, ಸ್ಟೂಲು ಹಾಕಿ ಕುಳಿತು ಕೂಗತೊಡಗಿದಳು. "ಹುಳುಕು ಬದನಿ ನೋಡ್ರಿ, ಹುಳುಕು ಬದನಿ. ಹುಳ ಫುಕಟ್. ಕೊಯ್ದು ತೆಗೀರಿ, ಉಳಿದದ್ದು ಉಣ್ರಿ." ನೌಬಾದದ ಜನ ಚಲೋ ಬದನೆಕಾಯಿ ಎಂದು ಕೂಗುವವರನ್ನು ಬೇಕಾದಷ್ಟು ಕೇಳಿದ್ದರು. ಇದನ್ನು ಕೇಳಿರಲಿಲ್ಲ. ಮಧ್ಯಾಹ್ನದೊಳಗೆ ಕ್ರೇಟು ಖಾಲಿಯಾಯಿತು.

ಅಲ್ಲಿಂದ ಸೀದಾ ಸಾಯಗಾಂವಕ್ಕೆ ಹೊರಟೆವು. ದಾರಿಯುದ್ದಕ್ಕೂ ಅತ್ತೆ ಖಾಲಿ ಕ್ರೇಟನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತಿದ್ದಳು. ಸಾಯಗಾಂವದವರ ಸಂಬಂಧವನ್ನು ಇವತ್ತು ಕಡಿದೇ ಬಿಡುತ್ತಾಳೆ ಎಂದುಕೊಂಡೆ. ಕಸ್ತೂರಬಾಯಿ ಚಹಾ ತಂದಿಟ್ಟು, ಕಂಬಕ್ಕೆ ಒರಗಿ ನಿಂತಳು. ಮಾರುತಿ ಅಂಗಳದಲ್ಲಿ ಕ್ರೇಟು ತೊಳೆಯುತ್ತಿದ್ದ.

"ಕೆಳಗ ಹುಳುಕು ಹಾಕಿದಾಕಿ ನೀನೇ ಏನು?" ಎಂದಳು ಅತ್ತೆ.

"ಹೌದ್ರಿ ಆಯಿ. ಮಳಿ ಹಿಡದು ಮಾಲೆಲ್ಲಾ ಕೆಟ್ಟು ಹೋಗ್ಯಾದ. ಅರ್ಧಾ ಕ್ರೇಟ್ ಕಳಿಸಿದ್ರ ನಮ್ಮ ಜಾಗಾ ಬ್ಯಾರೆಯವರಿಗಿ ಕೊಡ್ತಾರಂತ ಅಂಜಿದೆ."

"ಐಬು ಇದ್ರ ಮೊದಲ ಹೇಳಬೇಕಂತ ಎಷ್ಟು ಸಲ ಹೇಳೇನಿ ನಿನಗ?"

ಕಸ್ತೂರಬಾಯಿ ಕಂಬ ಬಿಟ್ಟು ಮುಂದೆ ಬಂದಳು. ಆಮೇಲೆ ಮೆಲ್ಲಗೆ ಕೇಳಿದಳು. "ನನ್ನ ಎಡಗಿವಿ ಕೇಳಂಗಿಲ್ಲ ಅಂತ ಈ ಮನಿಯವರಿಗಿ ನೀವು ಹೇಳಿದ್ರೇನ್ರಿ?"

ಅತ್ತೆ ಚಹಾದ ಕಪ್ಪನ್ನು ಕೆಳಗಿಟ್ಟಳು.

"ಇಲ್ಲ. ಮೊದಲಿನ ಮನಿಗಳೊಳಗ ಹೇಳಿದೆ. ಎಲ್ಲಾರೂ ಚಾ ಕುಡದು ಎದ್ದು ಹೋದ್ರು. ಇವರು ಬಂದ ದಿವಸ ನೀ ಬಾಗಲಾಗ ನಿಂತು ನನ್ನ ಮಾರಿ ನೋಡ್ಲಕತ್ತಿದ್ದಿ. ನನಗ ಬಾಯೇ ಬರಲಿಲ್ಲ."

ಅಂಗಳದಿಂದ ಮಾರುತಿ ಹೇಳಿದ. "ನನಗ ಎಂಟು ದಿನದಾಗೇ ಗೊತ್ತಾಯ್ತು ಬಿಡ್ರಿ ಆಯಿ."

"ಮತ್ತ ನನ್ನ ಜೋಡಿ ಜಗಳಕ್ಕ ಯಾಕ ಬರಲಿಲ್ಲೋ?"

"ಬಲಗಡಿ ಕುಂತು ಮಾತಾಡಿದ್ರ ಕೇಳ್ತದಲ್ಲ. ಅದಕ್ಕ ಜಗಳ ಯಾಕ್ರಿ?"

ಅವನು ಒದ್ದೆ ಕೈ ಒರೆಸಿಕೊಂಡು ಒಳಗೆ ಬಂದು, ಹೆಂಡತಿಯ ಕೈ ಹಿಡಿದು ಕೂರಿಸಿ, ಅವಳ ಬಲಕ್ಕೆ ಕುಳಿತ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. ಆ ದಿನ ಸೆಕೆ ಇರಲಿಲ್ಲ.

ಈ ಸೋಮವಾರ ಮೊದಲ ಬಸ್ಸಿಗೆ ಸಾಯಗಾಂವದ ಕ್ರೇಟು ನೌಬಾದಕ್ಕೆ ಬಂತು. ಅರ್ಧ ಮಾತ್ರ ತುಂಬಿತ್ತು. ಮೇಲಿನ ಸಾಲು ಹುಳುಕು, ಕೆಳಗಿನದೆಲ್ಲ ಚಲೋ. ಮಾಲೀಕರು ಎರಡನ್ನೂ ಬೇರೆ ಮಾಡಿ, ಕ್ರೇಟನ್ನು ಅದರ ಜಾಗದಲ್ಲೇ ಇಟ್ಟಿದ್ದಾರೆ.