ದೂರು ತಗೊಳ್ಳೋ ಮಿಷನ್ನು

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಪೊಲೀಸ್ ಕೆಲಸ ಮಾಡೋರು ನಗೋದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಅದರಲ್ಲೂ ಜನ ತಾವೇ ಒತ್ತಿ ದೂರು ಕೊಡೋ ಮಿಷನ್ ನಮ್ಮ ಠಾಣೆ ಬಾಗಿಲಲ್ಲಿ ಬಂದು ನಿಂತ ಮೇಲಂತೂ ದಿನಕ್ಕೊಂದು ಕತೆ. ಅದರ ಪಕ್ಕ ನಿಂತು ಹೇಳಿಕೊಡೋ ಡ್ಯೂಟಿ ನನ್ನದು. ಕಾನ್‌ಸ್ಟೇಬಲ್ ಆಗಿ ಸೇರಿದವಳು ಟೀಚರಮ್ಮ ಆಗಿಬಿಟ್ಟೆ.

೧. ಅಜ್ಜನ ಕಾಲದಿಂದ

ನನ್ನಿವಾಳದ ಹಿರಿಯರೊಬ್ಬರು ಹೊಲದ ಬದುವಿನ ಜಗಳ ತಂದರು. "ಬರೆಯಾಕೆ ಬರಲ್ಲವ್ವ, ಬಾಯಾಗೆ ಹೇಳ್ತೀನಿ" ಅಂದರು. ಮೈಕಿನ ಗುಂಡಿ ಒತ್ತಿಕೊಟ್ಟೆ. ಹೆಗಲ ಟವಲ್ ಇಳಿಸಿ, ಮಿಷನ್ನಿಗೆ ಕೈಮುಗಿದು ಶುರು ಮಾಡಿದರು.

"ನಮ್ಮಜ್ಜಗೆ ಇಬ್ರು ಹೆಂಡ್ರು ಸ್ವಾಮಿ. ದೊಡ್ಡಾಕೆ..."

ದೊಡ್ಡಾಕೆಯ ತವರುಮನೆ ಮುಗಿದು, ಚಿಕ್ಕಾಕೆಯ ಮದುವೆ ಊಟ ಶುರುವಾಗಿತ್ತು. ಮಿಷನ್ ನಯವಾಗಿ, "ತಮ್ಮ ಸಮಯ ಮುಗಿದಿದೆ, ಧನ್ಯವಾದಗಳು" ಅಂತು.

ಯಜಮಾನರು ನನ್ನ ಕಡೆ ತಿರುಗಿದರು. "ಇದು ಅಸಲಿ ಪೊಲೀಸೇ ಬಿಡವ್ವ. ಪೂರ್ತಿ ಕೇಳೋದೇ ಇಲ್ಲ!"

೨. ಯಾವ ಭಾಷೆ?

ಆಂಧ್ರ ಗಡಿ ಊರಿನವನೊಬ್ಬ ಪಕ್ಕದ ಮನೆಯವನ ಮೇಲೆ ಬೈಗುಳದ ದೂರು ಕೊಡೋಕೆ ಬಂದ. ಮಿಷನ್ "ಕನ್ನಡ ಅಥವಾ ಇಂಗ್ಲಿಷ್?" ಅಂತ ಕೇಳಿತು. ಅವನು ಕೈ ಕಟ್ಟಿಕೊಂಡು ನಿಂತೇ ಇದ್ದ.

"ಕನ್ನಡ ಒತ್ತಪ್ಪ" ಅಂದೆ.

"ಒತ್ತಬೋದು ಮೇಡಂ. ಆದ್ರೆ ಅವ ಬೈದಿದ್ದು ತೆಲುಗಿನಾಗೆ. ಕನ್ನಡದಾಗೆ ಹೇಳಿದ್ರೆ ಕೇಸು ಸಪ್ಪೆ ಆಗ್ತೈತೆ!"

೩. ಅಳೋ ಮುಖ

ಕೆಲಸ ಮುಗಿದ ಮೇಲೆ ಮಿಷನ್ "ನಮ್ಮ ಸೇವೆ ಹೇಗಿತ್ತು?" ಅಂತ ಕೇಳಿ ಮುಖದ ಚಿತ್ರಗಳನ್ನ ತೋರಿಸುತ್ತೆ. ನಗೋ ಮುಖ ಜಾಸ್ತಿ ಬಿದ್ದರೆ ಠಾಣೆಗೆ ಒಳ್ಳೆ ಹೆಸರು. ನಮ್ಮ ಎಸ್‌ಐ ಸಾಹೇಬರಿಗೆ ಸದಾ ಅದೇ ಧ್ಯಾನ.

ಬಿ.ಜಿ. ಕೆರೆಯ ಅಜ್ಜಿಯೊಬ್ಬರು ಬಸ್ಸಲ್ಲಿ ಚೀಲ ಬಿಟ್ಟಿದ್ದರು. ಸಾಹೇಬರೇ ಕಂಡಕ್ಟರಿಗೆ ಫೋನ್ ಮಾಡಿ ಚೀಲ ತರಿಸಿ, ಟೀ ಕುಡಿಸಿ ಕಳಿಸಿದರು. ಅಜ್ಜಿ ಎಲ್ಲರನ್ನೂ ಹರಸಿ, ಮಿಷನ್ ಹತ್ತಿರ ಹೋಗಿ ಅಳೋ ಮುಖ ಒತ್ತಿಬಿಟ್ಟರು! ಒಂದು ಸಲ ಅಲ್ಲ, ಒತ್ತುತ್ತಲೇ ಇದ್ದರು.

ಸಾಹೇಬರು ಓಡಿ ಬಂದರು. "ಯಾಕಜ್ಜಿ, ನಮ್ಮಿಂದ ಏನು ತಪ್ಪಾತು?"

"ನಿಮ್ಮಿಂದ ಏನಿಲ್ಲಪ್ಪ. ಪಾಪ, ಈ ಮಗ ಅಳ್ತಿತ್ತು. ಎಷ್ಟು ಕೆನ್ನೆ ಸವರಿದ್ರೂ ಸುಮ್ಕಾಗ್ತಿಲ್ಲ ನೋಡು!"

೪. ಕಾಣೆಯಾದ ರಾಜ

ನಾನು ಊಟಕ್ಕೆ ಹೋಗಿದ್ದಾಗ ಮಿಷನ್ನಿಗೆ ಒಂದು ದೂರು ಬಿದ್ದಿತ್ತು. ಸಾಹೇಬರು ಗಾಬರಿಯಲ್ಲಿ ಓದಿದರು. "ಕಾಣೆಯಾದ ವ್ಯಕ್ತಿ. ಹೆಸರು ರಾಜ. ವಯಸ್ಸು ಎರಡು. ಬಣ್ಣ ಕಪ್ಪು. ಕೊರಳಲ್ಲಿ ಗೆಜ್ಜೆ. ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೊಳ್ಳೋ ಚಾಳಿ. ಜೀಪ್ ತೆಗೀರಿ!"

ನನ್ನ ಮಗನಿಗೂ ಅದೇ ವಯಸ್ಸು. ಎಲ್ಲರಿಗಿಂತ ಮೊದಲು ನಾನೇ ಜೀಪ್ ಹತ್ತಿದೆ. ಪರಶುರಾಂಪುರ ರಸ್ತೆಯುದ್ದಕ್ಕೂ ಮೈಕಲ್ಲಿ ಕೂಗಿಕೊಂಡು ಹೋದೆವು. ಈರುಳ್ಳಿ ಆರಿಸ್ತಿದ್ದ ಹೆಂಗಸರು ಕೆಲಸ ಬಿಟ್ಟು ಹುಡುಕೋಕೆ ಬಂದರು. ಸಾಹೇಬರು ಶೇಂಗಾ ಹೊಲದ ಬದುವಲ್ಲಿ ಬಗ್ಗಿ, "ರಾಜಾ, ಬಾ ಕಂದಾ" ಅಂತ ಕರೆದರು.

ದೂರು ಕೊಟ್ಟವನು ಅಳ್ತಾ ಓಡಿ ಬಂದ. ಸಾಹೇಬರು ಅವನ ಹೆಗಲ ಮೇಲೆ ಕೈ ಇಟ್ಟರು. "ಧೈರ್ಯವಾಗಿರಪ್ಪ. ಮಗುವಿನ ತಾಯಿ ಎಲ್ಲಿ?"

"ಹಟ್ಟಿಯಾಗೆ ಮೇವು ತಿಂತೈತೆ ಸಾ."

ಸಾಹೇಬರು ಅವನ ಹೆಗಲ ಮೇಲಿಂದ ಕೈ ತೆಗೆದರು.

"ಕುರಿನಾ?!"

"ಟಗರು ಸಾ. ಮಿಷನ್ನಾಗೆ ವಾಹನ, ಮೊಬೈಲು, ವ್ಯಕ್ತಿ, ಮೂರೇ ಇದ್ವು. ಟಗರು ವಾಹನ ಅಲ್ವಲ್ಲ?"

ಅಷ್ಟರಲ್ಲಿ ಹೆಂಗಸರು ರಾಜನ ಕೊಂಬು ಹಿಡಿದು ಎಳೆದು ತಂದರು. ಆದರೆ ಸಿಕ್ಕ ವ್ಯಕ್ತಿಯ ಫೋಟೋ ಕೊಡದೆ ಮಿಷನ್ ಕೇಸು ಮುಗಿಸಲ್ಲ. ಟಗರನ್ನ ಠಾಣೆಗೆ ತಂದು, ಇಬ್ಬರು ಪೇದೆಗಳು ಹಿಡಿದು ನಿಲ್ಲಿಸಿದರು. ಮಿಷನ್ ಅದರ ಮುಖವನ್ನ ಚೆನ್ನಾಗಿ ನೋಡಿ, ಗಂಭೀರವಾಗಿ ಹೇಳಿತು:

"ದಯವಿಟ್ಟು ತಲೆಯ ಮೇಲಿನ ಟೋಪಿ ತೆಗೆಯಿರಿ."